ಬುಡ್ಡೇಸಾಬ ಕತ್ತರಿಸಿದ ಅಂಚು

ಬುಡ್ಡೇಸಾಬ ಜಿಲ್ದು ಕಟ್ಟಿದ ಪುಸ್ತಕವನ್ನು ಎತ್ತಿ ನೆಲಕ್ಕೆ ಒಗೆದರೂ ಒಂದು ಹಾಳೆ ಕಿತ್ತು ಬರುತ್ತಿರಲಿಲ್ಲ. ಇದು ನಾನು ಹೊಗಳಿಕೆಗೆ ಹೇಳುವ ಮಾತಲ್ಲ, ಅವನೇ ಮಾಡಿ ತೋರಿಸುತ್ತಿದ್ದ. ಹೊಸ ಗಿರಾಕಿ ಬಂದರೆ ಸಾಕು, ಅವನನ್ನು ಕೈ ಹಿಡಿದು ಓಣಿಯ ಎದುರಿಗಿದ್ದ ವಾಚನಾಲಯಕ್ಕೆ ಕರೆದೊಯ್ಯುವನು. ಅಲ್ಲಿ ತಾನೇ ಕಟ್ಟಿದ ದೊಡ್ಡ ನಿಘಂಟನ್ನು ಕಪಾಟಿನಿಂದ ಇಳಿಸಿ, ತಲೆಯ ಮಟ್ಟ ಎತ್ತಿ, ಫರಸಿಯ ಮೇಲೆ ದಪ್ಪನೆ ಒಗೆಯುವನು.

"ನೋಡ್ರಿ, ಹಲ್ಲು ಉದುರ್ಯಾವೇನು ಎಣಿಸ್ರಿ."

ವಾಚನಾಲಯದ ಗುಮಾಸ್ತ ಅಬ್ದುಲಸಮದ ಸಾಹೇಬರು ಪ್ರತಿ ಸಲವೂ ಎದೆ ಹಿಡಿದುಕೊಂಡು ಏಳುತ್ತಿದ್ದರು. "ಬುಡ್ಡೇಸಾಬ, ಅದು ಪುಸ್ತಕಪಾ, ಪೈಲವಾನ ಅಲ್ಲ! ಇಡು ಮದಲ!"

ಈಗ ವಿಜಯಪುರ ಅನ್ನುವ ನಮ್ಮ ವಿಜಾಪುರದಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವನದೊಂದು ಅಂಗಡಿ. ಅಂಗಡಿ ಅಂದರೆ ನಾಲ್ಕು ಮಂದಿ ಕೂತರೆ ಐದನೆಯವನು ಹೊಸ್ತಿಲ ಹೊರಗೆ. ಹಿಟ್ಟಿನ ಅಂಟು ಕುದಿಯುವ ಪಾತ್ರೆಯ ಮುಂದೆ ಅವನ ಹೆಂಡತಿ ರಾಜಬಿ. ಹುಳ ಹತ್ತಬಾರದೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವುದು, ಪುಸ್ತಕದ ಬೆನ್ನಿಗೆ ಕಾಗದದ ಪಟ್ಟಿ ಅಂಟಿಸುವುದು ಅವಳ ಪಾಲಿನ ಕೆಲಸ. ಹೊಲಿಗೆ ಮತ್ತು ಕತ್ತಿ ಗಂಡನ ಪಾಲು. ಕಟ್ಟಿದ ಪುಸ್ತಕವನ್ನು ಎರಡು ಹಲಗೆಗಳ ನಡುವೆ ಬಿಗಿದು, ದೊಡ್ಡ ಕತ್ತಿ ಹಿಡಿದು ಮೂರು ಕಡೆಯ ಅಂಚನ್ನು ಅವನು ಕೊಯ್ಯುತ್ತಿದ್ದರೆ ನೋಡಲು ಜನ ನಿಲ್ಲುತ್ತಿದ್ದರು. ಬೆಣ್ಣೆಯ ಮುದ್ದೆಯ ಮೇಲೆ ದಾರ ಎಳೆದ ಹಾಗೆ. ಅಂಚಿನ ಮೇಲೆ ಬೆರಳಾಡಿಸಿದರೆ ಕಾಗದವೋ ಗಾಜೋ ತಿಳಿಯುತ್ತಿರಲಿಲ್ಲ.

ಅಕ್ಷರ ಮಾತ್ರ ಅವನಿಗೆ ಬರುತ್ತಿರಲಿಲ್ಲ. ಕಾಗದದ ಮೂಲೆ ಹಿಸುಕಿ ಇದು ಯಾವ ಮಿಲ್ಲಿನದೆಂದು ಹೇಳುವನು, ಬೆನ್ನು ಸವರಿ ಇದನ್ನು ಯಾರಾದರೂ ಓದಿದ್ದಾರೋ ಇಲ್ಲವೋ ಹೇಳುವನು. ಒಳಗೆ ಏನಿದೆ ಎಂದರೆ ಕೈ ಝಾಡಿಸುವನು. ನಾನು ಸಾಲಿಯ ಮೆಟ್ಟಿಲು ಹತ್ತದೆ, ಅಂಗಡಿಗಳ ಫಲಕ ನೋಡಿ ನೋಡಿ ಅಕ್ಷರ ಕಲಿತವನು. ಹಾಗಾಗಿ ಒಮ್ಮೆ ಅವನಿಗೆ, "ಹದಿನೈದು ದಿನ ನನ್ನ ಸಂಗಾಟ ಕೂಡು, ಓದಾಕ ಕಲಿಸತೇನಿ" ಅಂದೆ.

"ಬ್ಯಾಡ್ರಿ ಅಣ್ಣಾರ," ಅಂದ. "ಓದಾಕ ಬಂದ್ರ ಓದಕೋತ ಕುಂದ್ರತೇನಿ. ಜಿಲ್ದು ಯಾರು ಕಟ್ಟಬೇಕು? ಒಳಗಿಂದು ನಿಮ್ಮದು, ಅಂಚು ನಂದು."

ಆ ಮಾತಿನ ಭಾರ ಆಗ ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ನಾನು ಆಗ ಬಬಲೇಶ್ವರದ ವಾಚನಾಲಯ ನೋಡಿಕೊಳ್ಳುತ್ತಿದ್ದೆ. ತಿಕೋಟಾದ್ದನ್ನು ಹಣಮಂತ ಎಂಬವನು ನೋಡಿಕೊಳ್ಳುತ್ತಿದ್ದ. ಎಪ್ಪತ್ತೆರಡರ ಬೇಸಿಗೆಯಲ್ಲಿ ವಾಂತಿಭೇದಿ ಬೇನೆ ಊರಿಂದೂರಿಗೆ ಹಬ್ಬಿತು. ತಿಕೋಟಾದಲ್ಲಿ ಜನ ಏನು ಮಾಡಿ ಉಳಿದರೆಂದು ನಮಗೆ ಗೊತ್ತಾಗಲಿಲ್ಲ, ನಮ್ಮಲ್ಲಿ ಯಾವ ನೀರು ಕುಡಿದು ಬಿದ್ದರೆಂದು ಅವರಿಗೆ ಗೊತ್ತಾಗಲಿಲ್ಲ. ಬೇನೆ ಇಳಿದ ಮೇಲೆ ಅಬ್ದುಲಸಮದ ಸಾಹೇಬರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ನೋಡ್ರಿ, ಮೂರು ಊರಾಗ ಮೂರು ವಾಚನಾಲಯ ಅದಾವು. ನಡಬರಕ ಬಸ್ಸು ಅದಾವು. ಬ್ಯಾನಿಗಿಂತ ಬಸ್ಸು ಮುಂದ ಇರಬೇಕು."

ಅಂದಿನಿಂದ ಪ್ರತಿ ಸೋಮವಾರ ನಾವು ಹಳ್ಳಿಯವರು ಒಂದು ಚೀಟಿ ಬರೆದು ಕಂಡಕ್ಟರನ ಕೈಗೆ ಕೊಡಬೇಕು. ಯಾವ ಬಾವಿಯ ನೀರು ಹೇಗಿದೆ, ಎಷ್ಟು ಮನೆಯಲ್ಲಿ ಬೇನೆ ಇದೆ, ದವಾಖಾನೆಯವರು ಏನು ಹೇಳಿದರು, ಇಷ್ಟು. ಬೇನೆ ಬಿದ್ದವರ ಹೆಸರು ಬರೆಯಕೂಡದು, ಅದು ಸಾಹೇಬರ ಕಟ್ಟಪ್ಪಣೆ. ಆ ಚೀಟಿಗಳನ್ನು ಅವರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಕಾರ್ಬನ್ ಇಟ್ಟು ನಕಲು ಮಾಡಿ, ಮೇಲೆ ಊರು, ತಾರೀಖು ಬರೆದು, ವಾಚನಾಲಯದ ಗುಂಡು ಶಿಕ್ಕಾ ಒತ್ತಿ, ಒಂದೊಂದು ಪ್ರತಿ ನಮಗೆ ಕಳಿಸುತ್ತಿದ್ದರು. ನಾವು ಅದನ್ನು ಹಲಗೆಗೆ ಮೊಳೆ ಹೊಡೆದು ಹಚ್ಚಿ, ಸಂಜೆ ಪತ್ರಿಕೆ ಓದಿದ ಮೇಲೆ ಅದನ್ನೂ ಗಟ್ಟಿಯಾಗಿ ಓದುತ್ತಿದ್ದೆವು. ನೀರು ಕಾಸಿ ಆರಿಸಿ ಕುಡಿಯಿರಿ, ಬೇನೆಯವರಿಗೆ ನೀರು ನಿಲ್ಲಿಸಬೇಡಿರಿ, ಉಪ್ಪು ಸಕ್ಕರೆ ಹಾಕಿ ಕೊಡುತ್ತಿರಿ. ಮುದುಕಿಯರಿಗೂ ಬಾಯಿಪಾಠ ಆಗಿತ್ತು.

ಊರಿನ ಹೆಸರನ್ನು ಹಾಳೆಯ ತೀರಾ ತುದಿಗೆ ಬರೆಯಬೇಕೆಂದು ಹೇಳಿದವನು ನಾನು. ಅಲ್ಲಿ ಬರೆದರೆ ಕಂತೆ ಬಿಚ್ಚದೆ, ಮೇಲಂಚು ಸರಸರ ಬೆರಳಿಂದ ಸರಿಸಿ ಬೇಕಾದ ಊರು ಹಿಡಿಯಬಹುದು. ಎಲ್ಲರೂ ತಲೆದೂಗಿದರು. ನನಗೂ ಹೆಮ್ಮೆ ಆಗಿತ್ತು.

ಹಳ್ಳಿಯ ಪ್ರತಿಗಳು ಗಾಳಿಗೆ ಹರಿದು ಹೋಗುತ್ತಿದ್ದವು, ಒಂದೆರಡನ್ನು ನಮ್ಮೂರ ಆಡುಗಳೇ ಓದಿ ಮುಗಿಸಿದವು. ಅದಕ್ಕೇ ಎಪ್ಪತ್ಮೂರರ ಪೂರಾ ವರ್ಷದ ಪಟ್ಟಣದ ಪ್ರತಿಗಳನ್ನು ಬುಡ್ಡೇಸಾಬನಿಗೆ ಕೊಟ್ಟು ಜಿಲ್ದು ಕಟ್ಟಿಸಿದೆವು. ಕೆಂಪು ಬಟ್ಟೆಯ ಬೆನ್ನು, ಗಾಜಿನಂಥ ಅಂಚು. ಮೂವರೂ ಅದನ್ನು ಕೈಯಿಂದ ಕೈಗೆ ಕೊಟ್ಟು ಸವರಿದೆವು, ಮೂಸಿದೆವು, ಭಲೆ ಅಂದೆವು, ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ಒಬ್ಬನಾದರೂ ತೆರೆಯಬೇಕಲ್ಲ? ತೆರೆಯಲಿಲ್ಲ. ಮುಂದಿನ ಎರಡು ವರ್ಷ ಬೇನೆ ಬರಲಿಲ್ಲ. ಆ ವರ್ಷಗಳ ಬಿಡಿ ಹಾಳೆಗಳಲ್ಲಿ 'ಎಲ್ಲ ಕ್ಷೇಮ' ಎಂಬುದರ ಹೊರತು ಏನೂ ಇರಲಿಲ್ಲ.

ಎಪ್ಪತ್ತಾರರ ಜೂನ್ ತಿಂಗಳಲ್ಲಿ, ಒಂದು ಶನಿವಾರ, ಮೊದಲ ಮಳೆ ಹುಚ್ಚೆದ್ದು ಸುರಿಯಿತು. ಸೋಮವಾರ ಬೆಳಿಗ್ಗೆ ನಮ್ಮೂರಲ್ಲಿ ಒಬ್ಬರಿಗೆ ವಾಂತಿಭೇದಿ ಶುರುವಾಯಿತು. ಚೀಟಿ ಕಳಿಸುವುದು ಬಿಟ್ಟು ನಾನೇ ಬಸ್ಸು ಹತ್ತಿದೆ. ವಾಚನಾಲಯಕ್ಕೆ ಬಂದು ನೋಡಿದರೆ ಹಣಮಂತ ನನಗಿಂತ ಮೊದಲು ಬಂದು ಕೂತಿದ್ದ. ತಿಕೋಟಾದಲ್ಲೂ ಒಬ್ಬರಿಗೆ ಅದೇ ಬೇನೆ. ಹೆಲ್ತ್ ಇನ್ಸ್‌ಪೆಕ್ಟರ್ ಭಾಗಪ್ಪನವರನ್ನು ಸಾಹೇಬರು ಕರೆಸಿದ್ದರು. ಬಾಗಿಲಲ್ಲಿ ಅವರ ಜೀಪು, ಜೀಪಿನಲ್ಲಿ ಬ್ಲೀಚಿಂಗ್ ಪೌಡರಿನ ಒಂದೇ ಒಂದು ಡಬ್ಬಿ.

"ಇವತ್ತಿಗಿಷ್ಟ," ಅಂದರು ಭಾಗಪ್ಪನವರು. "ನಾಡದು ಮತ್ತ ಬರತೈತಿ. ಎರಡೂರಿಗೆ ಹಂಚಿದ್ರ ಎರಡೂ ಕಡೆ ಕೆಲಸ ಆಗೂದಿಲ್ಲ. ತಿಕೋಟಾ ಒಂದು ಹಾದಿ, ಬಬಲೇಶ್ವರ ಒಂದು ಹಾದಿ. ಜೀಪಿಗೆ ಎರಡು ಮೂತಿ ಇಲ್ಲ. ಯಾವ ಊರಾಗ ಮಳಿ ಬಿದ್ದಕೂಡ್ಲೆ ಬಾವಿ ಕೆಡತೈತಿ, ಹೇಳ್ರಿ. ನೀವು ವರ್ಷಗಟ್ಟಲೆ ಬರದಿಟ್ಟೀರಲ್ಲ?"

"ಬರದಿಟ್ಟೇವ್ರಿ!" ಅಂದರು ಸಾಹೇಬರು, ಮುಖ ಊರಗಲ ಮಾಡಿಕೊಂಡು. ಕೀಲಿ ತೆಗೆದು ಕೆಂಪು ಬೆನ್ನಿನ ಪುಸ್ತಕ ಮೇಜಿನ ಮೇಲಿಟ್ಟರು. ಮೊದಲ ಮಳೆಯ ಸುದ್ದಿ ಇದ್ದ ಹಾಳೆ ಸಿಕ್ಕಿತು. ಅದರಲ್ಲಿ ಹೀಗಿತ್ತು: ಮಳೆ ಬಿದ್ದ ಮೂರನೆಯ ದಿನ ಅಗಸಿ ಬಾವಿಯ ನೀರು ಕುಡಿದ ಏಳು ಮನೆಗಳಲ್ಲಿ ವಾಂತಿಭೇದಿ. ಅಗಸಿಯ ಚರಂಡಿಯ ನೀರು ಬಾವಿಗೆ ಇಳಿದಂತೆ ಕಾಣುತ್ತದೆ. ಅದರ ಬೆನ್ನಿಗಿದ್ದ ಹಾಳೆಯಲ್ಲಿ: ಮಳೆ ಚೆನ್ನಾಗಿ ಆಗಿದೆ. ಅಗಸಿ ಬಾವಿಯ ನೀರು ತಿಳಿಯಾಗಿದೆ. ಎಲ್ಲ ಕ್ಷೇಮ.

"ಭಲೆ," ಅಂದರು ಭಾಗಪ್ಪನವರು. "ಇದು ಯಾವ ಊರಿಂದು, ಅದು ಯಾವ ಊರಿಂದು?"

ಸಾಹೇಬರು ಹಾಳೆಯ ಮೇಲ್ತುದಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಹಿಂದಿನ ಹಾಳೆ ತಿರುವಿದರು, ಮುಂದಿನದು ತಿರುವಿದರು. ಊರಿನ ಹೆಸರಿಲ್ಲ. ತಾರೀಖೂ ಇಲ್ಲ. ಗುಂಡು ಶಿಕ್ಕಾದ ಕೆಳಗಿನ ಅರ್ಧ ಮಾತ್ರ ಉಳಿದಿದೆ. ಇಡೀ ಪುಸ್ತಕ ಒಂದೇ ಕ್ಷೌರಿಕನ ಮುಂದೆ ಕೂತು ಎದ್ದು ಬಂದಂತೆ ತಲೆ ಬೋಳಾಗಿತ್ತು. ಎರಡೂ ಊರಿಗೆ ಅಗಸಿಯ ಹೆಬ್ಬಾಗಿಲು ಇದೆ, ಎರಡೂ ಅಗಸಿಗೆ ಬಾವಿ ಇದೆ, ಎಲ್ಲ ಹಾಳೆಯ ಅಕ್ಷರವೂ ಸಾಹೇಬರದೇ, ನಮ್ಮ ಮೂಲ ಚೀಟಿಗಳು ಎಂದೋ ರದ್ದಿಗೆ ಹೋಗಿದ್ದವು.

"ನಿಮಗ ನೆನಪಿಲ್ಲೇನ್ರಿ?" ಭಾಗಪ್ಪನವರು ನಮ್ಮಿಬ್ಬರನ್ನೂ ಕೇಳಿದರು.

"ಇದು ಬಬಲೇಶ್ವರದ್ದರಿ," ಹಣಮಂತ ಥಟ್ಟನೆ ಅಂದ. "ನಮ್ಮ ಅಗಸಿ ಬಾವಿ ಕನ್ನಡಿ ಇದ್ದಂಗೈತಿ."

"ಏ ಹಣಮಂತಾ, ಏನ ಮಾತಾಡಾಕತ್ತೀಲೇ?" ಅಂದೆ ನಾನು. "ನಮ್ಮ ಬಾವ್ಯಾಗ ಬಿದ್ದ ರೊಕ್ಕ ಮ್ಯಾಲಿಂದ ಕಾಣತೈತಿ. ಇದು ನಿಮ್ಮದ."

"ಅಣ್ಣಾರ, ಆ ವರ್ಷ ನಿಮ್ಮೂರ ಮಂದಿ ಕೈಯಾಗ ತಂಬಿಗಿ ಹಿಡಕೊಂಡು ಓಡಿದ್ದು ನಾ ಕೇಳೇನಿ."

"ಅದು ಲಗ್ನದ ಬುಂದೇ ತಿಂದು ಓಡಿದ್ದು!"

"ಹಂಗಾರ ನಮ್ಮವ್ರೂ ಬುಂದೇ ತಿಂದು ಓಡ್ಯಾರ."

ಸುಳ್ಳು ಹೇಳಬೇಕೆಂದು ನಾನು ಹೇಳಲಿಲ್ಲ. ನನಗೆ ಖಾತ್ರಿ ಇತ್ತು. ಅವನಿಗೂ ಅಷ್ಟೇ ಖಾತ್ರಿ ಇದ್ದಂತಿತ್ತು. ಊರ ಬಾವಿ ಕೆಟ್ಟಿತೆಂದು ದಾಖಲೆ ಮಾಡಿಸಿಕೊಂಡರೆ ನೆಂಟರು ನೀರು ಮುಟ್ಟುವುದಿಲ್ಲ, ಮನೆಗೆ ಬಂದವರು ಬಾಯಾರಿ ಎದ್ದು ಹೋಗುತ್ತಾರೆ. ಹಾಗಾಗಿ ನೆನಪು ತಾನೇ ತನಗೆ ಬೇಕಾದ ಕಡೆ ವಾಲಿತ್ತೋ ಏನೋ. ಭಾಗಪ್ಪನವರು ಗಡಿಯಾರ ನೋಡಿದರು. ಹನ್ನೊಂದು ಗಂಟೆ. ಹೊತ್ತು ಏರಿದಂತೆಲ್ಲ ಎರಡೂ ಊರಿನ ಹೆಂಗಸರು ಅಗಸಿ ಬಾವಿಯಿಂದ ಕೊಡ ತುಂಬಿಕೊಂಡು ಹೋಗುತ್ತಲೇ ಇದ್ದರು.

ಬುಡ್ಡೇಸಾಬನನ್ನು ಕೂಗಿದರು. ಅಂಟಿನ ಕೈ ಒರೆಸಿಕೊಳ್ಳುತ್ತ ಬಂದು, ಪುಸ್ತಕ ಮುಟ್ಟಿ ನೋಡಿ, "ಏನಾಗೈತ್ರಿ? ಹೊಲಿಗಿ ಗಟ್ಟಿ ಐತಿ, ಅಂಚು ಬರೋಬರಿ ಐತಿ" ಅಂದ.

"ಅಂಚು ಬರೋಬರಿ ಆಗಿದ್ದಕ್ಕನ ಗೋಳು," ಅಂದರು ಸಾಹೇಬರು. "ಮ್ಯಾಲಿನ ಸಾಲು ಎಲ್ಲೋ?"

"ಯಾ ಸಾಲು?"

"ಊರಿನ ಹೆಸರಿತ್ತು ಅಲ್ಲೆ. ತಾರೀಖು ಇತ್ತು."

ಅವನು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ. ಅವನ ಕಣ್ಣಿಗೆ ಅದು ಕಪ್ಪು ಗೆರೆ, ಅಂಚಿಗೆ ಹತ್ತಿದ ಮಸಿ. ಅಂಥದ್ದನ್ನು ತೆಗೆದು ಹಾಕುವುದೇ ಅವನ ಕೆಲಸ. "ಹೆಸರು ಅಷ್ಟು ತುದಿಗೆ ಯಾಂವ ಬರದಾನ್ರಿ?" ಅಂದ ಮೆಲ್ಲಗೆ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಜೀಪಿನ ಕಡೆ ನೋಡಿದೆ.

"ಕೊಯ್ದ ಪಟ್ಟಿ ಏನ ಮಾಡಿದಿ?" ಸಾಹೇಬರು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ರಾಜಬಿ. ಗದ್ದಲ ಕೇಳಿ ಅವಳು ಸೆರಗು ತಲೆಗೆಳೆದುಕೊಂಡು ವಾಚನಾಲಯದ ಬಾಗಿಲಿಗೆ ಬಂದು ನಿಂತಿದ್ದಳು.

"ಒಲಿಗೆ ಹಾಕಿಲ್ರಿ," ಅಂದಳು. "ಕಾಗದ ಗಟ್ಟಿ ಇತ್ತು. ಆ ತಿಂಗಳ ನಿಮ್ಮ ವಾಚನಾಲಯದ್ದ ಪುಸ್ತಕ ಬಂದಿದ್ದವಲ್ಲ, ಅವುಗಳ ಬೆನ್ನಿಗೆ ಒಳಗಿಂದ ಹಚ್ಚೇನಿ."

"ಯಾ ಪುಸ್ತಕ ಬೇ?" ಬುಡ್ಡೇಸಾಬ ಕೇಳಿದ. ಕೇಳುವಾಗಲೇ ಅವನ ದನಿ ಬಿದ್ದು ಹೋಗಿತ್ತು.

ರಾಜಬಿ ಕಪಾಟಿನ ಕಡೆ ಕೈ ಮಾಡಿ ಒಂದೊಂದಾಗಿ ತೋರಿಸಿದಳು. ಮೂರು ಸಣ್ಣ ಪುಸ್ತಕ. ಕೊನೆಗೆ ಕೈ ನಿಘಂಟಿನ ಮೇಲೆ ನಿಂತಿತು. "ಹೆಚ್ಚು ಪಟ್ಟಿ ಹಿಡಿದಿದ್ದು ಅದಕ್ಕ. ದಪ್ಪ ಬೆನ್ನು ನೋಡ್ರಿ."

ಬುಡ್ಡೇಸಾಬ ನೆಲದ ಮೇಲೆ ಕೂತ. ಕಟ್ಟಿದ ಜಿಲ್ದನ್ನು ತಾನೇ ಬಿಚ್ಚಿದ ದಿನ ಅವನ ಬಾಳಿನಲ್ಲಿ ಬಂದಿರಲಿಲ್ಲ. ಗಿರಾಕಿಗಳ ಮುಂದೆ ಅದನ್ನೇ ಹೇಳಿಕೊಂಡು ಅನ್ನ ಉಂಡವನು. ಸಣ್ಣ ಪುಸ್ತಕಗಳನ್ನು ಮೊದಲು ತೆಗೆದುಕೊಂಡ. ಒದ್ದೆ ಬಟ್ಟೆ ಒತ್ತಿ, ಚೂರಿಯ ತುದಿಯಿಂದ ಬೆನ್ನು ಎಬ್ಬಿಸಿ, ಒಂದೊಂದು ಪಟ್ಟಿ ಬಿಡಿಸಿ ನನ್ನ ಕೈಗೆ ಕೊಟ್ಟ. ನಾನು ಓದಬೇಕು, ಪಟ್ಟಿಯ ಮೇಲಿದ್ದ ಶಿಕ್ಕಾದ ಮೇಲರ್ಧವನ್ನು ಹಾಳೆಯ ಕೆಳಗಿನ ಅರ್ಧಕ್ಕೆ ಸಾಹೇಬರು ಜೋಡಿಸಿ ನೋಡಬೇಕು. ಅವರು ಶಿಕ್ಕಾ ಒತ್ತುವಾಗ ಒಂದು ಸಲ ಎಡಕ್ಕೆ ವಾಲುತ್ತಿತ್ತು, ಒಂದು ಸಲ ಬಲಕ್ಕೆ. ಹಾಗಾಗಿ ಎರಡು ಅರ್ಧಗಳು ಕೂಡಿದರೆ ಸುಳ್ಳಾಗುವಂತಿರಲಿಲ್ಲ.

ಮೊದಲ ಪುಸ್ತಕದಲ್ಲಿ ಜನವರಿ. ಎರಡನೆಯದರಲ್ಲಿ ದೀಪಾವಳಿಯ ಕಡೆಯವು. ಮೂರನೆಯದರಲ್ಲಿ ತಿಕೋಟಾದ ಜೂನ್ ಪಟ್ಟಿಯೊಂದು ಸಿಕ್ಕಿತು, ನಾನು ಕುಣಿಯುವುದೊಂದು ಬಾಕಿ. ಜೋಡಿಸಿದರೆ ಅದು ಮಳೆಗೆ ಮುಂಚಿನ ಬೇರೆ ವಾರದ್ದು. ಮೇಜಿನ ತುಂಬ ಹಾವಿನ ಪೊರೆಯಂಥ ಪಟ್ಟಿಗಳು. ಫ್ಯಾನಿನ ಗಾಳಿಗೆ ಹಾರಿದವು, ಹಿಡಿದು ತಂದರೆ ಯಾವುದು ನೋಡಿದ್ದು ಯಾವುದು ನೋಡದ್ದು ತಿಳಿಯದು. ಹಣಮಂತ ಒಂದನ್ನೇ ಮೂರು ಸಲ ಓದಿದ.

"ನಿಘಂಟು ತಗೀರಿ," ಅಂದರು ಭಾಗಪ್ಪನವರು.

"ಅದು ಬ್ಯಾಡ್ರಿ, ಸ್ಟಾಕ್ ರಿಜಿಸ್ಟರಿನ ಪುಸ್ತಕ ಅದು," ಅಂದರು ಸಾಹೇಬರು, ಪುಸ್ತಕದ ಮೇಲೆ ಕೈ ಇಟ್ಟುಕೊಂಡು. "ಮ್ಯಾಲಿನವ್ರು ಕೇಳಿದ್ರ ಏನ ಹೇಳಲಿ?"

ಬುಡ್ಡೇಸಾಬ ಅವರ ಕೈ ಸರಿಸಿದ. "ನಾ ಕಟ್ಟಿದ್ದು ನಾ ಬಿಚ್ಚತೇನ್ರಿ," ಅಂದ. ಚೂರಿ ಹಿಡಿದ. ಬೆನ್ನು ಬಿಡಲೊಲ್ಲದು. ಅಷ್ಟು ಗಟ್ಟಿ ಕಟ್ಟಿದ್ದ ಮಹಾರಾಯ. ಒದ್ದೆ ಬಟ್ಟೆಗೂ ಜಗ್ಗಲಿಲ್ಲ. "ರಾಜಬಿ, ಅಂಟಿನಾಗ ಎಷ್ಟು ಸರೇಸು ಹಾಕೀಯೇ?" ಅಂದ ಸಿಟ್ಟಿನಿಂದ.

"ನೀವ ಹೇಳಿದ್ರಿ, ಕಿಯಾಮತ್ ತನಕ ಬಿಡಬಾರದಂತ. ಈಗ ನನಗ ಬೈರಿ."

ಕೊನೆಗೆ ಚರ್ರನೆ ಹರಿಯಿತು. ಆ ಸಪ್ಪಳಕ್ಕೆ ಅವನು ಕಣ್ಣು ಮುಚ್ಚಿದ್ದು ನಾನು ನೋಡಿದೆ. ಒಳಗೆ ಒಂದರ ಮೇಲೊಂದು ಹನ್ನೆರಡು ಪಟ್ಟಿ. ಐದನೆಯದನ್ನು ಬಿಡಿಸಿದಾಗ, ಅಕ್ಷರ ಬಾರದ ಅವನೇ ಅದನ್ನು ಹಾಳೆಯ ಮೇಲಿಟ್ಟ. ಬಲಕ್ಕೆ ವಾಲಿದ ಅರ್ಧ ಶಿಕ್ಕಾ, ಬಲಕ್ಕೆ ವಾಲಿದ ಅರ್ಧ ಶಿಕ್ಕಾ. ಕೂಡಿ ಒಂದು ಗುಂಡು ಆಯಿತು.

"ಓದ್ರಿ ಅಣ್ಣಾರ," ಅಂದ.

ನಾನು ಓದಿದೆ, ಒಳಗೊಳಗೆ. ಆ ವಾರ ನಾನು ಸಾರವಾಡದ ತಂಗಿಯ ಮನೆಯಲ್ಲಿದ್ದೆ, ಚೀಟಿ ಬರೆದು ಬಸ್ಸಿಗೆ ಕೊಟ್ಟವರು ನಮ್ಮೂರ ಸಾಲಿ ಮಾಸ್ತರರು. ಅದು ನೆನಪಾದದ್ದು ಆಗ, ಪಟ್ಟಿ ಕೈಗೆ ಬಂದ ಮೇಲೆ. ಬುಂದೇಯ ಸುದ್ದಿ ನನಗೆ ಹೇಳಿದವರು ಅಗಸಿಯ ಮನೆಯವರೇ.

"ಬಬಲೇಶ್ವರ," ಅಂದೆ.

ಹಣಮಂತ ನಗಲಿಲ್ಲ. ಅದು ಅವನ ದೊಡ್ಡತನ. ಭಾಗಪ್ಪನವರು ಆಗಲೇ ಜೀಪಿನ ಕಡೆ ನಡೆದಿದ್ದರು. ಬುಡ್ಡೇಸಾಬ ತಾನೂ ಬರುತ್ತೇನೆಂದು ಹಿಂದೆ ಹತ್ತಿದ. ಯಾಕೆಂದು ಕೇಳಿದರೆ, "ಯಾ ಬಾವಿ ಸಲುವಾಗಿ ಹರದೇನಿ, ನೋಡಬೇಕಲ್ಲ?" ಅಂದ.

ನಾವು ಅಗಸಿಗೆ ಬಂದಾಗ ಸಕ್ರವ್ವ ಕೊಡ ಮೇಲಕ್ಕೆ ಎಳೆಯುತ್ತಿದ್ದಳು. ಸಕ್ರವ್ವ ನಮ್ಮ ಓಣಿಯವಳೇ, ಅವಳ ನಾಲಿಗೆಗೆ ತಲಾಟಿಯೂ ಹೆದರುತ್ತಿದ್ದ. ಭಾಗಪ್ಪನವರು ಪೌಡರು ಕಲಸಿ ಬಾವಿಗೆ ಸುರಿದು, ಹಗ್ಗ ತೆಗೆಸಿ, ನಾಳೆತನಕ ಯಾರೂ ಸೇದಬಾರದು ಅಂದರು.

"ಯಾರ ಹೇಳ್ಯಾರ್ರಿ ನಮ್ಮ ಬಾವಿ ಕೆಟ್ಟೈತಂತ?" ಸಕ್ರವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಕುಡದು ನೋಡ್ರಿ, ಅಮೃತ ಐತಿ!"

"ನಾ ಹೇಳೇನಿ, ಯವ್ವಾ," ಅಂದೆ.

"ಯಪ್ಪಾ ನೀ? ನಮ್ಮೂರಾಗ ಹುಟ್ಟಿ? ತಿಕೋಟಾದವ್ರು ಚಹಾ ಕುಡಿಸ್ಯಾರೇನು?"

ಆ ದಿನ, ಮರುದಿನ, ಎಂಟು ದಿನ, ಅಗಸಿಯ ಒಂದು ಮನೆಯಲ್ಲೂ ಬೇನೆ ಬೀಳಲಿಲ್ಲ. ಮೊದಲು ಬಿದ್ದವರು ಉಪ್ಪು ಸಕ್ಕರೆ ನೀರು ಕುಡಿದು ಎದ್ದರು. ಆಮೇಲೆ ಬಾವಿಕಟ್ಟೆಯಲ್ಲಿ ಸಕ್ರವ್ವ ಇಡೀ ಓಣಿಗೆ ಕೇಳುವಂತೆ, "ನೋಡ್ರಿ, ಏನರ ಆತೇನು? ಸುಮ್ಮನ ಬಾವಿ ಹೊಲಸ ಮಾಡಿದ್ರು" ಅಂದಳು. ಬರದೇ ಹೋದ ಬೇನೆಯನ್ನು ಯಾವ ಕೈ ಹಿಡಿದು ತಂದು ತೋರಿಸಲಿ? ತಿಕೋಟಾಕ್ಕೆ ಎರಡು ದಿನ ತಡವಾಗಿ ಪೌಡರು ಹೋಯಿತು. ಅಲ್ಲಿಯೂ ಎರಡನೆಯವರು ಬೀಳಲಿಲ್ಲ. ಅವರ ಬಾವಿ ಕನ್ನಡಿಯೇ ಆಗಿತ್ತು.

ಮುಂದಿನ ಸೋಮವಾರ ಪಟ್ಟಣಕ್ಕೆ ಹೋದಾಗ ಬುಡ್ಡೇಸಾಬ ಅಂಗಡಿಯಿಂದಲೇ ಕೂಗಿ ಕೇಳಿದ. "ಏನಾತ್ರಿ ಅಣ್ಣಾರ?"

"ಏನೂ ಆಗಲಿಲ್ಲ."

ಅವನು ಕೈಯಲ್ಲಿದ್ದ ಹೊಲಿಗೆ ಸೂಜಿ ಕೆಳಗಿಟ್ಟ. "ಅಂದ್ರ ಹರದಿದ್ದು ಚಲೋ ಆತೋ, ಸುಮ್ಮನ ಹೋತೋ?"

"ಚಲೋ ಆತು," ಅಂದೆ. ಅವನು ತಲೆ ಅಲ್ಲಾಡಿಸಿದ, ಒಪ್ಪಿದಂತೆಯೂ ಇತ್ತು, ಒಪ್ಪದಂತೆಯೂ ಇತ್ತು.

ನಿಘಂಟಿನ ಬೆನ್ನನ್ನು ಮತ್ತೆ ಕಟ್ಟಿಕೊಡೆಂದು ಸಾಹೇಬರು ಎಷ್ಟು ಹೇಳಿದರೂ ಅವನು ಕಟ್ಟಲಿಲ್ಲ, ಒಂದು ಅಗಲ ಬಟ್ಟೆಯ ಲಾಡಿ ಸುತ್ತಿ ಗಂಟು ಹಾಕಿ ಕೊಟ್ಟ. ಹನ್ನೆರಡು ಪಟ್ಟಿಗಳೂ ಒಳಗೇ ಇದ್ದವು. ಗಿರಾಕಿಗಳನ್ನು ಕರೆತಂದು ಒಗೆದು ತೋರಿಸುವುದು ನಿಂತಿತು. ಅಷ್ಟೇ ಅಲ್ಲ, ಪುಸ್ತಕದ ಮೇಲಂಚು ಕೊಯ್ಯುವುದನ್ನೇ ಬಿಟ್ಟ. ಕೆಳಗೆ ಕೊಯ್ಯುವನು, ಬದಿಗೆ ಕೊಯ್ಯುವನು, ಮೇಲಿನದನ್ನು ಒರಟಾಗಿ ಹಾಗೇ ಬಿಡುವನು. ಕೆಲವು ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಬುಡ್ಡೇಸಾಬನ ಕೈ ನಡುಗುತ್ತದೆ, ವಯಸ್ಸಾಯಿತು ಅಂದರು.

ಒಮ್ಮೆ ನಾನಿದ್ದಾಗಲೇ ಒಬ್ಬ ಕಾಲೇಜಿನ ಮಾಸ್ತರರು ಖಾಲಿ ಹಾಳೆಗಳ ದಪ್ಪ ವಹಿಯೊಂದನ್ನು ಕಟ್ಟಿಸಿಕೊಂಡು, ಮೇಲಂಚು ನೋಡಿ ಮುಖ ಸಿಂಡರಿಸಿದರು. "ಏನ್ರೀ ಇದು, ಇಲಿ ಕಡದಂಗೈತಿ? ಇದರಾಗ ಇನ್ನೂ ಒಂದಕ್ಷರ ಬರದಿಲ್ಲ. ಕೊಯ್ದು ಕೊಡ್ರಿ."

ಬುಡ್ಡೇಸಾಬ ವಹಿಯನ್ನು ತಿರುಗಿಸಿ ಅವರ ಕೈಗೇ ಇಟ್ಟ.

"ಇನ್ನೂ ಬರದಿಲ್ಲಲ್ರೀ," ಅಂದ. "ನೀವು ಎಲ್ಲೆ ಬರೀತೀರಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"